ಕ್ವಾರ್ಟರ್ಸ್ ಪಟ್ಟಿಯಲ್ಲಿ ನಮ್ಮ ನಂಬರ್ ಎಷ್ಟು?

ಮಾನ್ಯ ಸಂಪಾದಕರೇ,

ಜನವರಿ 15ರ ಸೇನಾ ದಿನ ಬಂದರೆ ಸೈನಿಕರ ಬಗ್ಗೆ ಪುಟಗಟ್ಟಲೆ ಬರುತ್ತದೆ, ಖುಷಿಯೇ. ಆದರೆ ಅವರ ಹೆಂಡತಿ ಮಕ್ಕಳಿಗೆ ಮನೆ ಸಿಕ್ಕಿತಾ ಅಂತ ಯಾರೂ ಕೇಳಿದ್ದು ನಾನು ನೋಡಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಯಜಮಾನರು ಹವಾಲ್ದಾರ್. ಈ ವರ್ಷ ಫೀಲ್ಡ್ ಪೋಸ್ಟಿಂಗ್ ಬಂತು, ಅಲ್ಲಿಗೆ ಕುಟುಂಬ ಕರೆದುಕೊಂಡು ಹೋಗುವ ಹಾಗಿಲ್ಲ. ನನ್ನ ತವರು ಬೈಲಹೊಂಗಲ ಕಡೆ. ಬೆಳಗಾವಿ ಆದರೆ ಹತ್ತಿರ, ಮಿಲಿಟರಿ ಆಸ್ಪತ್ರೆ ಇದೆ, ಕೇಂದ್ರೀಯ ವಿದ್ಯಾಲಯ ಇದೆ ಅಂತ ಇಲ್ಲಿಗೇ ಬಂದು ಸೇನೆಯ ಕ್ವಾರ್ಟರ್ಸ್‌ಗೆ ಅರ್ಜಿ ಹಾಕಿದೆವು. ಐದು ತಿಂಗಳಾಯಿತು. ವೇಟಿಂಗ್ ಲಿಸ್ಟ್ ಇದೆ ಅಂದರು, ಸರಿ, ಒಪ್ಪುತ್ತೇನೆ, ಮನೆ ಕಮ್ಮಿ ಜನ ಜಾಸ್ತಿ. ಆದರೆ ನಮ್ಮ ನಂಬರ್ ಎಷ್ಟು ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ. ಒಬ್ಬರು "ಮುಂದಿನ ತಿಂಗಳು ಬನ್ನಿ" ಅನ್ನುತ್ತಾರೆ, ಇನ್ನೊಬ್ಬರು "ಸಾಹೇಬರಿಗೇ ಫೋನ್ ಮಾಡೋಕೆ ಹೇಳಿ" ಅನ್ನುತ್ತಾರೆ. ನಮ್ಮ ಯಜಮಾನರಿರುವ ಕಡೆ ವಾರಕ್ಕೊಮ್ಮೆ ಸಿಗ್ನಲ್ ಸಿಕ್ಕರೆ ಪುಣ್ಯ. ಸಿಕ್ಕ ಹತ್ತು ನಿಮಿಷದಲ್ಲಿ ಮಗಳ ಜೊತೆ ಮಾತಾಡಬೇಕೋ ಕ್ವಾರ್ಟರ್ಸ್ ವಿಷಯ ಹೇಳಬೇಕೋ?

ಸದ್ಯಕ್ಕೆ ಗಣೇಶಪುರದಲ್ಲಿ ಬಾಡಿಗೆ ಮನೆ. ಅದು ಸಿಕ್ಕಿದ್ದೇ ಒಂದು ಕಥೆ. ಹಿಂಡಲಗಾ ಕಡೆ ಒಂದು ಮನೆ ನೋಡಲು ಹೋದರೆ ಮಾಲೀಕರ ಹೆಂಡತಿ ಬಾಗಿಲಲ್ಲೇ ನಿಂತು, "ಅಕ್ಕಾರ, ಗಂಡಸರು ಬರ್ಲಿರಿ, ಆಮೇಲೆ ಮಾತಾಡೋಣು" ಅಂದರು. ಗಂಡಸರು ಬರಬೇಕಂದರೆ ರಜೆ ಮಂಜೂರಾಗಬೇಕಲ್ಲ! ಕೊನೆಗೆ ನಮ್ಮ ಅಣ್ಣ ಊರಿಂದ ಬಂದು ಮಾತಾಡಿದ ಮೇಲೆ ಈ ಎರಡು ರೂಮಿನ ಮನೆ ಆಯಿತು. ಬಾಡಿಗೆ 9,500, ಡಿಪಾಸಿಟ್ 50,000.

ಸರ್ಕಾರ ಏನೂ ಕೊಡುವುದಿಲ್ಲ ಅಂತ ನಾನು ಹೇಳುತ್ತಿಲ್ಲ. 7ನೇ ವೇತನ ಆಯೋಗದ ಲೆಕ್ಕದಲ್ಲಿ ಬೆಳಗಾವಿ ವೈ ದರ್ಜೆಯ ಊರು, ಮೂಲ ವೇತನದ ಶೇ 20 ಮನೆ ಬಾಡಿಗೆ ಭತ್ಯೆ. ನಮ್ಮವರ ಮೂಲ ವೇತನ 33,900, ಅಂದರೆ 6,780 ರೂಪಾಯಿ. ಉಳಿದಿದ್ದು ಕೈಯಿಂದ. ಬಾಗಲಕೋಟೆ, ವಿಜಯಪುರ ಆದರೆ ಝಡ್ ದರ್ಜೆ, ಶೇ 10 ಅಷ್ಟೇ. ವರ್ಗ ಆದಾಗ ಮೂಲ ವೇತನದ ಶೇ 80 ಒಂದೇ ಸಲ ಕೊಡುತ್ತಾರೆ, ಸಾಮಾನು ಸಾಗಿಸುವ ಖರ್ಚು ಬೇರೆ. ಆದರೆ ಡಿಪಾಸಿಟ್, ಸ್ಕೂಲ್ ಯೂನಿಫಾರ್ಮ್, ಗ್ಯಾಸ್, ಮುರಿದ ಮಂಚದ ರಿಪೇರಿ ಎಲ್ಲಾ ಒಂದೇ ವಾರದಲ್ಲಿ ಬಂದರೆ ಆ ದುಡ್ಡು ಎಲ್ಲಿ ಹೋಯಿತು ಅಂತಲೇ ಗೊತ್ತಾಗುವುದಿಲ್ಲ. 2002ರಲ್ಲಿ ಸೈನಿಕರ ಸಂಸಾರಕ್ಕೆ ಅಂತಲೇ ಮನೆ ಕಟ್ಟುವ ದೊಡ್ಡ ಯೋಜನೆ ಶುರುವಾಯಿತು, ನಾವೇ ಹಿಂದೆ ಪೋಸ್ಟಿಂಗ್ ಇದ್ದ ಸ್ಟೇಷನ್‌ನಲ್ಲಿ ಅಂಥ ಮನೆಯಲ್ಲಿದ್ದೆವು, ಚೆನ್ನಾಗಿಯೇ ಇತ್ತು. ನನ್ನ ತಕರಾರು ಮನೆಯ ಬಗ್ಗೆ ಅಲ್ಲ. ನಮಗೆ ಯಾರೂ ಏನೂ ಹೇಳುವುದಿಲ್ಲ ಅನ್ನುವುದರ ಬಗ್ಗೆ.

ನಂಬರ್ ಗೊತ್ತಿದ್ದರೆ ಏನು ಲಾಭ ಅಂತ ಕೇಳಬಹುದು. ನಮ್ಮ ಮನೆಗೆ ಬಂದು ನೋಡಿ. ಪಡಸಾಲೆಯಲ್ಲಿ ಮೂರು ಕಟ್ಟಿಗೆ ಪೆಟ್ಟಿಗೆಗಳು ಮೊಳೆ ಹೊಡೆದ ಹಾಗೇ ಇವೆ. ಅವುಗಳ ಮೇಲೊಂದು ಕರಿ ಟ್ರಂಕು, ಬಿಳಿ ಪೇಂಟಿನಲ್ಲಿ ಯಜಮಾನರ ನಂಬರು, ಹೆಸರು, ಮೊದಲಿನ ರ‍್ಯಾಂಕ್ "ನಾಯಕ್" ಅಂತಿದ್ದಿದ್ದನ್ನು ಅಳಿಸಿ "ಹವಾಲ್ದಾರ್" ಅಂತ ಬರೆದಿದ್ದು. ನಾಳೆಯೇ ಕ್ವಾರ್ಟರ್ಸ್ ಸಿಕ್ಕರೆ ಮತ್ತೆ ಯಾರು ಕಟ್ಟುವುದು ಅಂತ ನಾನು ಬಿಚ್ಚಿಲ್ಲ. ಮಗಳು ಟ್ರಂಕಿನ ಮೇಲೆ ಪುಸ್ತಕ ಇಟ್ಟುಕೊಂಡು ಹೋಂವರ್ಕ್ ಮಾಡುತ್ತಾಳೆ. ಇನ್ನೂ ಒಂದು ವರ್ಷ ಆಗುತ್ತದೆ ಅಂತ ಒಂದು ಮಾತು ಹೇಳಿದ್ದರೆ ಬಿಚ್ಚಿ ಸಂಸಾರ ಹೂಡುತ್ತಿದ್ದೆ, ಅಲ್ವಾ?

ರೈಲ್ವೆಯವರು ವೇಟಿಂಗ್ ಲಿಸ್ಟ್ ನಂಬರನ್ನು ಮೊಬೈಲಿಗೇ ಕಳಿಸುತ್ತಾರೆ. ಇಲ್ಲಿ ಅಷ್ಟೂ ಬೇಡ, ಪ್ರತಿ ತಿಂಗಳು 1ನೇ ತಾರೀಕು ಪಟ್ಟಿಯನ್ನು ಒಂದು ಬೋರ್ಡಿಗೆ ಅಂಟಿಸಲಿ. ಹೆಸರು ಹಾಕುವುದು ಸರಿಯಲ್ಲ ಅಂದರೆ ಅರ್ಜಿ ನಂಬರ್ ಅಷ್ಟೇ ಹಾಕಲಿ. ಮತ್ತೆ ಹೆಂಗಸರು ಒಬ್ಬರೇ ಹೋದರೂ ಕೂರಿಸಿ ಕನ್ನಡದಲ್ಲಿ ಉತ್ತರ ಹೇಳುವವರು ಒಬ್ಬರಿರಲಿ. ನಮ್ಮ ಪಕ್ಕದ ಓಣಿಯಲ್ಲೇ ನನ್ನ ಹಾಗೆ ಕಾಯುತ್ತಿರುವ ಇನ್ನಿಬ್ಬರಿದ್ದಾರೆ, ಅವರೂ ಪೆಟ್ಟಿಗೆ ಬಿಚ್ಚಿಲ್ಲ.

ಹವಾಲ್ದಾರರೊಬ್ಬರ ಪತ್ನಿ, ಗಣೇಶಪುರ, ಬೆಳಗಾವಿ