ಬಿಡುವವರಿಗೆ ಮೂರು ತಿಂಗಳು, ಬಿಡಿಸುವವರಿಗೆ ಒಂದೇ?

ಮಾನ್ಯ ಸಂಪಾದಕರೇ,

ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಸಂಬಳ ಎಷ್ಟು, ಕಂಪನಿ ಬಸ್ ಇದೆಯಾ, ಊಟ ಕೊಡುತ್ತಾರಾ ಅಂತ ಕೇಳುತ್ತಾರೆ. ನೇಮಕಾತಿ ಪತ್ರದ ಕೊನೆಯ ಪುಟ ಓದುವವರು ಕಡಿಮೆ. ನನ್ನ ಪತ್ರದ ಕೊನೆಯ ಪುಟದಲ್ಲಿ ಹೀಗಿತ್ತು: ನಾನು ಕೆಲಸ ಬಿಡುವುದಾದರೆ ಮೂರು ತಿಂಗಳು ಮುಂಚೆ ತಿಳಿಸಬೇಕು. ಕಂಪನಿ ನನ್ನನ್ನು ಬಿಡಿಸುವುದಾದರೆ ಒಂದು ತಿಂಗಳ ನೋಟಿಸ್ ಸಾಕು, ಇಲ್ಲವೇ ಒಂದು ತಿಂಗಳ ಬೇಸಿಕ್ (ಮೂಲ ವೇತನ) ಕೈಗಿಟ್ಟು ಅವತ್ತೇ ಕಳಿಸಬಹುದು. ಇದು ಯಾವ ಊರಿನ ನ್ಯಾಯ ಸ್ವಾಮಿ?

ನಾನು ಕ್ಯಾತ್ಸಂದ್ರದವಳು. ವಸಂತನರಸಾಪುರದ ಒಂದು ಪ್ಯಾಕಿಂಗ್ ಸಾಮಾನಿನ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದೆ. ಈ ವರ್ಷ ಹಿರೇಹಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಮನೆಗೆ ಹತ್ತಿರ, ಸಂಬಳವೂ ಸ್ವಲ್ಪ ಜಾಸ್ತಿ. ಆದರೆ ಏಪ್ರಿಲ್ ಒಂದಕ್ಕೇ ಬರಬೇಕು ಅಂದರು. ನಾನು ರಾಜೀನಾಮೆ ಕೊಟ್ಟಿದ್ದು ಫೆಬ್ರವರಿ ಕೊನೆಗೆ. ಅಂದರೆ ಮೇ ಕೊನೆಯವರೆಗೂ ಬಿಡುಗಡೆ ಇಲ್ಲ. ಅಷ್ಟು ದಿನ ಯಾರು ಕಾಯುತ್ತಾರೆ? 'ತಕ್ಷಣ ಸೇರುವವರಿಗೆ ಆದ್ಯತೆ' ಅಂತ ಗೇಟಿಗೆ ಬೋರ್ಡ್ ನೇತುಹಾಕುವ ಕಂಪನಿಗಳೇ ತಮ್ಮವರನ್ನು ಮಾತ್ರ ಮೂರು ತಿಂಗಳು ಹಿಡಿದಿಟ್ಟುಕೊಳ್ಳುತ್ತವೆ. ಎಲ್ಲರೂ ಹೀಗೇ ಹಿಡಿದುಕೊಂಡರೆ ತಕ್ಷಣ ಸೇರುವವರು ಎಲ್ಲಿಂದ ಬರಬೇಕು?

ನಮ್ಮ ಮ್ಯಾನೇಜರ್ ಮೊದಲು "ಬೇರೆಯವರು ಸಿಗೋವರೆಗೂ ಆಗಲ್ಲ ಮೇಡಂ" ಅಂದುಬಿಟ್ಟರು. ಎಚ್‌ಆರ್ ಹತ್ತಿರ ಹೋದರೆ ಅದೇ ಕೊನೆಯ ಪುಟ ತೋರಿಸಿದರು. ಜಗಳ ಆಡಿ ಪ್ರಯೋಜನ ಇರಲಿಲ್ಲ. ಇವರಿಗೆ ನಿಜವಾಗಿ ಏನು ಬೇಕು ಅಂತ ಯೋಚಿಸಿದೆ. ಮ್ಯಾನೇಜರ್‌ಗೆ ಇದ್ದ ಭಯ ಒಂದೇ, ಮಾರ್ಚ್ 31ರ ಸ್ಟಾಕ್ ಎಣಿಕೆ. ನಮ್ಮ ಸ್ಟೋರ್ಸ್‌ನಲ್ಲಿ ಇಂಕಿನ ಡ್ರಮ್ಮು ಕಂಪ್ಯೂಟರಿನಲ್ಲಿ 17 ಅಂತ ತೋರಿಸಿದರೆ, ರ‍್ಯಾಕಿಗೆ ನೇತುಹಾಕಿದ, ಸಾಮಾನಿನ ಲೆಕ್ಕ ಬರೆಯುವ ಬಿನ್ ಕಾರ್ಡಿನಲ್ಲಿ 14 ಇರುತ್ತದೆ. ಉಳಿದ ಮೂರು ರಿಜೆಕ್ಟ್ ಆಗಿ ಶೆಡ್ಡಿನ ಹಿಂದೆ ಟಾರ್ಪಾಲಿನ ಕೆಳಗೆ ಇವೆ. ಸಪ್ಲೈಯರ್ ವಾಪಸ್ ತಗೊಂಡು ಹೋಗಿಲ್ಲ, ಅವರ ಬಿಲ್ಲಿನಿಂದ ಕಳೆಯುವ ಡೆಬಿಟ್ ನೋಟ್ ಆಗಿಲ್ಲ. ಇಂಥವು ಹತ್ತಾರು. ಎಲ್ಲವೂ ನನ್ನ ತಲೆಯಲ್ಲಿದ್ದವು, ಕಾಗದದಲ್ಲಿ ಇರಲಿಲ್ಲ.

ಹಾಗಾಗಿ ಒಂದು ಮೇಲ್ ಬರೆದೆ. ಬಾಯಿಮಾತಲ್ಲ, ಮೇಲ್. ಸ್ಟಾಕ್ ಎಣಿಕೆ ಮುಗಿಸಿ, ವ್ಯತ್ಯಾಸದ ಪಟ್ಟಿಗೆ ಸಹಿ ಹಾಕಿ, ಕೋರದಿಂದ ಬರುವ ನಮ್ಮ ಅಸಿಸ್ಟೆಂಟ್ ಹುಡುಗನಿಗೆ ಗೇಟ್ ಪಾಸ್‌ನಿಂದ ಹಿಡಿದು ತಿಂಗಳ ಕೊನೆಯ ರಿಪೋರ್ಟ್‌ವರೆಗೆ ಎಲ್ಲ ಕಲಿಸಿ ಏಪ್ರಿಲ್ ಮಧ್ಯಕ್ಕೆ ಹೋಗುತ್ತೇನೆ. ಬಾಕಿ ಇರುವ ರಜೆಯನ್ನು ನೋಟಿಸ್‌ಗೆ ಹೊಂದಿಸಿ, ಆಮೇಲೂ ಕಡಿಮೆ ಬಿದ್ದ ದಿನಗಳ ದುಡ್ಡು ಹಿಡಿದುಕೊಳ್ಳಿ ಅಂದೆ. ಹಿರೇಹಳ್ಳಿಯವರಿಗೂ ಇದನ್ನೇ ಹೇಳಿ ಎರಡು ವಾರ ಕೇಳಿಕೊಂಡೆ. ಅವರು ಒಪ್ಪಿದರು. ಇವರು ಸ್ವಲ್ಪ ಗೊಣಗಿ ಒಪ್ಪಿದರು. ಮೂರು ತಿಂಗಳು ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ ಅಂತ ನನಗೆ ಅವತ್ತು ಗೊತ್ತಾಯಿತು.

ಆಟ ಶುರುವಾಗಿದ್ದು ಕೊನೆಯ ಸಂಬಳದ ಲೆಕ್ಕ ಕೈಗೆ ಬಂದ ಮೇಲೆ. ನೇಮಕಾತಿ ಪತ್ರದಲ್ಲಿ ನೋಟಿಸ್ ಕಡಿಮೆ ಬಿದ್ದ ದಿನಗಳಿಗೆ ಹಿಡಿಯಬೇಕಾದ್ದು ಬೇಸಿಕ್ ಮೇಲೆ ಅಂತಿದೆ. ನನ್ನ ಬೇಸಿಕ್ 16 ಸಾವಿರ. ಅವರು ಹಿಡಿದಿದ್ದು ಒಟ್ಟು ಸಂಬಳ 32 ಸಾವಿರದ ಮೇಲೆ. ಅದರ ಕೆಳಗೆ ಇನ್ನೊಂದು ಸಾಲು, ಜಿಎಸ್‌ಟಿ ಶೇ 18! ಕೆಲಸ ಬಿಟ್ಟಿದ್ದಕ್ಕೂ ತೆರಿಗೆ. ಬಿ.ಎಚ್. ರಸ್ತೆಯ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ನನ್ನ ಚಿಕ್ಕಮ್ಮನ ಮಗಳು ಇದನ್ನು ನೋಡಿ ನಕ್ಕುಬಿಟ್ಟಳು. ನೋಟಿಸ್ ಬದಲಿಗೆ ನೌಕರರಿಂದ ಹಿಡಿಯುವ ಹಣಕ್ಕೆ ಜಿಎಸ್‌ಟಿ ಬೀಳಲ್ಲ ಅಂತ ಕೇಂದ್ರದ ಪರೋಕ್ಷ ತೆರಿಗೆ ಮಂಡಳಿ 2022ರ ಆಗಸ್ಟ್ 3ರ ಸುತ್ತೋಲೆಯಲ್ಲೇ ಹೇಳಿದೆಯಂತೆ. ಅದರ ಪ್ರಿಂಟ್ ತಗೊಂಡು ಹೋಗಿ ಅಕೌಂಟ್ಸ್‌ನವರ ಮೇಜಿನ ಮೇಲಿಟ್ಟೆ. ಎರಡೂ ಸರಿಯಾದವು. ಕೇಳದೆ ಸುಮ್ನೆ ಸಹಿ ಹಾಕಿದವರು ಎಷ್ಟು ಜನರೋ.

ಪರಿಚಯದ ವಕೀಲರೊಬ್ಬರು ಇನ್ನೊಂದು ವಿಷಯ ಹೇಳಿದರು. ಬಂದು ಕೆಲಸ ಮಾಡಲೇಬೇಕು ಅಂತ ಯಾರನ್ನೂ ಕೋರ್ಟು ಬಲವಂತ ಮಾಡಲ್ಲ. ಕಂಪನಿ ಕೇಳಬಹುದಾದ್ದು ಹಣ ಮಾತ್ರ, ಅದೂ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ನ್ಯಾಯವಾದಷ್ಟು. ಆದರೆ ಕೋರ್ಟಿನ ತನಕ ಹೋಗುವವರು ಯಾರು? ನಿಜವಾದ ಜುಟ್ಟು ಇರೋದು ರಿಲೀವಿಂಗ್ ಲೆಟರ್‌ನಲ್ಲಿ, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅಂತ ಕಂಪನಿ ಕೊಡುವ ಪತ್ರದಲ್ಲಿ. ಅದಿಲ್ಲದೆ ಎಷ್ಟೋ ಕಂಪನಿಗಳು ಒಳಗೆ ಬಿಟ್ಟುಕೊಳ್ಳಲ್ಲ. ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕದೆ ಸತಾಯಿಸುವವರೂ ಇದ್ದಾರೆ. ಅದಕ್ಕೆ ಮಾತ್ರ ದಾರಿ ಇದೆ: ಕೊನೆಯ ಕಂತು ಜಮಾ ಆಗಿ ಎರಡು ತಿಂಗಳಾದ ಮೇಲೆ ಪಿಎಫ್ ವೆಬ್‌ಸೈಟಿನಲ್ಲಿ ನಾವೇ ಹಾಕಿಕೊಳ್ಳಬಹುದು.

ಮಾಲೀಕರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಸಂಬಳ ಆದ ಮರುದಿನ ಫೋನ್ ಸ್ವಿಚ್ ಆಫ್ ಮಾಡಿ ಮಾಯವಾಗುವವರನ್ನು ನಾನೇ ನೋಡಿದ್ದೇನೆ. ಬೀಗದ ಕೈ ಕೂಡ ಕೊಡದೆ ಹೋದವರಿದ್ದಾರೆ. ಆದರೆ ಅವರು ಹಾಗೆ ಓಡುವುದು ಯಾಕೆ? ಹೇಳಿದರೆ ಮೂರು ತಿಂಗಳು ಬಿಡಲ್ಲ ಅಂತ. ಒಂದು ತಿಂಗಳಾಗಿದ್ದರೆ ಬಹಳಷ್ಟು ಜನ ಹೇಳಿಯೇ ಹೋಗುತ್ತಿದ್ದರು.

ಒಂದು ವರ್ಷ ಸತತವಾಗಿ ದುಡಿದ ಕಾರ್ಮಿಕರನ್ನು ಹೆಚ್ಚುವರಿ ಅಂತ ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು ಅಂತ 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇತ್ತು. ದೊಡ್ಡ ಕಾರ್ಖಾನೆಗಳಿಗೆ ನಿಯಮ ಇನ್ನೂ ಬಿಗಿ. ಆದರೆ ನನ್ನಂಥ ಎಷ್ಟೋ ಜನ ಆ ಲೆಕ್ಕಕ್ಕೇ ಬರದೆ ಹೋಗಬಹುದು. ಕೈಕೆಳಗೆ ಒಬ್ಬ ಹುಡುಗನನ್ನು ಕೊಟ್ಟು ಸೂಪರ್‌ವೈಸರ್ ಕೆಲಸ ಮಾಡಿಸಿದರೆ, ಆ ಕಾಯ್ದೆಯ ಜಾಗಕ್ಕೆ ಬಂದ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯ ಲೆಕ್ಕದ ವೇತನ 18 ಸಾವಿರ ದಾಟಿದ ಮೇಲೆ ನಾವು ಕಾರ್ಮಿಕರೇ ಅಲ್ಲ. ಆಮೇಲೆ ಪತ್ರದಲ್ಲಿ ಬರೆದದ್ದೇ ಕಾನೂನು.

2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲರಿಗೂ ನೇಮಕಾತಿ ಪತ್ರ ಕೊಡಲೇಬೇಕು. ರಾಜೀನಾಮೆ ಕೊಟ್ಟು ಹೋದವರ ಬಾಕಿ ಸಂಬಳವನ್ನು ಎರಡು ಕೆಲಸದ ದಿನಗಳ ಒಳಗೆ ಕೊಡಬೇಕು. ಒಳ್ಳೆಯದೇ. ಅದರ ಜೊತೆಗೆ ನೋಟಿಸ್ ಅವಧಿ ಎರಡೂ ಕಡೆಗೆ ಒಂದೇ ಇರಬೇಕು, ಹಿಡಿಯುವ ಹಣ ಯಾವುದರ ಮೇಲೆ ಅಂತ ಕನ್ನಡದಲ್ಲಿ ಬರೆದಿರಬೇಕು, ಲೆಕ್ಕ ಮುಗಿದ ದಿನವೇ ರಿಲೀವಿಂಗ್ ಲೆಟರ್ ಕೊಡಬೇಕು ಅಂತಲೂ ನಮ್ಮ ರಾಜ್ಯ ಸರ್ಕಾರ ಒಂದು ಆದೇಶ ಮಾಡಲಿ. ತುಮಕೂರಿನ ಕಾರ್ಮಿಕ ಇಲಾಖೆ ಅಧಿಕಾರಿಗಳು ಕಾರ್ಖಾನೆಗಳಿಗೆ ಹೋದಾಗ ಹಾಜರಿ ಪುಸ್ತಕದ ಜೊತೆಗೆ ನಾಲ್ಕು ನೇಮಕಾತಿ ಪತ್ರಗಳನ್ನೂ ತರಿಸಿ ಕೊನೆಯ ಪುಟ ಓದಲಿ.

ದಯವಿಟ್ಟು ನನ್ನ ಹೆಸರು ಹಾಕಬೇಡಿ. ರಿಲೀವಿಂಗ್ ಲೆಟರ್ ಇನ್ನೂ ಕೈಗೆ ಬಂದಿಲ್ಲ.

ಇಂತಿ,
ನಿಮ್ಮ ಓದುಗಾರ್ತಿ
ಕ್ಯಾತ್ಸಂದ್ರ, ತುಮಕೂರು