ಚುಕ್ಕೆ ಅಳಿಸುವ ಮೊದಲು

ಪ್ರೀತಿಯ ಮಗೂ,

ನೀನು ಕಳಿಸಿದ ನೋಡ್ ಜೆಎಸ್ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಫೈಲನ್ನು ರಾತ್ರಿ ಕೂತು ಪೂರ್ತಿ ಓದಿದೆ. ಕೋಡ್ ಅಚ್ಚುಕಟ್ಟಾಗಿದೆ. ನೀನು ಕೇಳಿದ್ದು ಮಾತ್ರ ಬೇರೆ ಫೈಲಿನ ಕೋಡನ್ನು ಕರೆತರುವ ಮೇಲಿನ ಇಂಪೋರ್ಟ್ ಸಾಲುಗಳ ಬಗ್ಗೆ. ಒಂದೊಂದರಲ್ಲೂ ../../../../ ಅಂತ ಚುಕ್ಕೆಗಳ ಸಾಲು; ಇದನ್ನು ಹೋಗಲಾಡಿಸಲು ಉದ್ದ ದಾರಿಗೆ ಚಿಕ್ಕ ಹೆಸರು ಕೊಡುವ ಯಾವ ಏಲಿಯಾಸ್ ಪ್ಯಾಕೇಜ್ ಹಾಕಲಿ ಎಂದು ಬರೆದಿದ್ದೀಯ. ಪ್ಯಾಕೇಜಿನ ಮಾತು ಆಮೇಲೆ. ಆ ಚುಕ್ಕೆಗಳು ಏನು ಹೇಳುತ್ತಿವೆ ಎಂದು ಒಮ್ಮೆ ಕೇಳಿಸಿಕೊ.

ಆರ್ಡರ್ ಫೋಲ್ಡರಿನ ತಳದಲ್ಲಿರುವ ನಿನ್ನ ಫೈಲು ನಾಲ್ಕು ಮಜಲು ಮೇಲೆ ಹತ್ತಿ, ಪಾವತಿಯ ಫೋಲ್ಡರಿನೊಳಗೆ ಮೂರು ಮಜಲು ಇಳಿದು, ಅಲ್ಲಿನ ಒಂದು ಸಣ್ಣ ಸಹಾಯಕ ಫಂಕ್ಷನ್ನನ್ನು ಎತ್ತಿಕೊಂಡು ಬರುತ್ತಿದೆ. ಪಾವತಿಯ ಕೋಡ್ ಬರೆದವರಿಗೆ ಅದನ್ನು ಹೊರಗಿನವರು ಬಳಸುತ್ತಿದ್ದಾರೆಂಬುದೇ ಗೊತ್ತಿರಲಿಕ್ಕಿಲ್ಲ. ಏಲಿಯಾಸ್ ಹಾಕಿದರೆ ಸಾಲು ಗಿಡ್ಡವಾಗುತ್ತದೆ, ಆ ಕದ್ದ ಸಂಬಂಧ ಹಾಗೇ ಉಳಿಯುತ್ತದೆ. ಆಮೇಲೆ ಅದು ಕಣ್ಣಿಗೂ ಬೀಳುವುದಿಲ್ಲ. ಅದಕ್ಕೇ ಮೊದಲು ಫೈಲುಗಳ ಜಾಗ ಸರಿಮಾಡು. ಕಂಟ್ರೋಲರ್‌ಗಳೆಲ್ಲ ಒಂದು ಕಡೆ, ಸರ್ವಿಸ್‌ಗಳೆಲ್ಲ ಒಂದು ಕಡೆ, ಮಾಡೆಲ್‌ಗಳೆಲ್ಲ ಮತ್ತೊಂದು ಕಡೆ ಎಂದು ಜಾತಿ ಪ್ರಕಾರ ವಿಂಗಡಿಸಿದ್ದೀಯ. ಒಟ್ಟಿಗೆ ಬದಲಾಗುವ ಫೈಲುಗಳನ್ನು ಒಟ್ಟಿಗೆ ಇಡು: ಆರ್ಡರಿಗೆ ಸೇರಿದ್ದೆಲ್ಲ ಆರ್ಡರಿನ ಹತ್ತಿರ. ಅರ್ಧಕ್ಕಿಂತ ಹೆಚ್ಚು ಇಂಪೋರ್ಟ್‌ಗಳು ಆಗ ತಾವಾಗಿಯೇ ./ (ಅಂದರೆ ಇದೇ ಫೋಲ್ಡರ್) ಆಗುತ್ತವೆ. ಪಕ್ಕದ ಫೈಲನ್ನು ./ ಎಂದು ಕರೆಯುವುದಕ್ಕಿಂತ ಸ್ಪಷ್ಟವಾದ ದಾರಿ ಇಲ್ಲ. ಅದನ್ನು ಯಾವ ಏಲಿಯಾಸಿಗೂ ಬದಲಾಯಿಸಬೇಡ.

ಉಳಿಯುವವು ಡೇಟಾಬೇಸ್ ಸಂಪರ್ಕ, ಲಾಗರ್, ಕಾನ್ಫಿಗ್‌ನಂಥವು. ಎಲ್ಲರಿಗೂ ಬೇಕಾದ ಇವಕ್ಕೆ ಚಿಕ್ಕ ಹೆಸರು ಇರುವುದು ನ್ಯಾಯ. ಆ ಹೆಸರನ್ನು ಎಲ್ಲಿ ಬರೆಯುತ್ತೀಯ ಎಂಬುದರಲ್ಲೇ ಎಲ್ಲ ಇದೆ, ಮಗೂ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಹಿಂದೆ ಒಂದು ಕೆಲಸದಲ್ಲಿ ಟೈಪ್‌ಸ್ಕ್ರಿಪ್ಟ್ (ಟೈಪ್ ಪರೀಕ್ಷೆಯುಳ್ಳ, ಜಾವಾಸ್ಕ್ರಿಪ್ಟ್ ಆಗಿ ಕಂಪೈಲ್ ಆಗುವ ಭಾಷೆ) ಕಾನ್ಫಿಗ್‌ನ ಪಾತ್ಸ್ ಎಂಬ ಭಾಗದಲ್ಲಿ ಏಲಿಯಾಸ್ ಬರೆದಿದ್ದೆ. ಎಡಿಟರ್‌ನಲ್ಲಿ ಒಂದು ಕೆಂಪು ಗೆರೆಯೂ ಇಲ್ಲ, ಕಂಪೈಲ್ ಸಲೀಸು. ಸರ್ವರಿಗೆ ಹಾಕಿದ ಕೂಡಲೇ ಮಾಡ್ಯೂಲ್ ಸಿಗಲಿಲ್ಲ ಎಂದು ಪ್ರಕ್ರಿಯೆ ಸತ್ತು ಬಿತ್ತು. ಪಾತ್ಸ್ ಇರುವುದು ಟೈಪ್ ಪರೀಕ್ಷೆಗೆ ಮಾತ್ರ. ಹೊರಬರುವ ಜಾವಾಸ್ಕ್ರಿಪ್ಟ್‌ನಲ್ಲಿ ಕಂಪೈಲರ್ ಆ ಹೆಸರನ್ನು ತಿದ್ದುವುದಿಲ್ಲ. ಅದನ್ನು ಮುಚ್ಚಲು ಕಂಪೈಲ್ ಆದಮೇಲೆ ತಿದ್ದುವ ಇನ್ನೊಂದು ಉಪಕರಣ ಬಂತು, ಪರೀಕ್ಷೆಗಳಿಗಾಗಿ ಜೆಸ್ಟ್‌ನಲ್ಲಿ ಮತ್ತೊಂದು ನಕ್ಷೆ, ಕೋಡಿನ ತಪ್ಪು ಹುಡುಕುವ ಲಿಂಟರ್‌ಗೆ ಮಗದೊಂದು. ಒಂದೇ ಹೆಸರನ್ನು ನಾಲ್ಕು ಕಡೆ ಕಾಯುವ ಕೆಲಸ. ನೋಡ್_ಪಾತ್ ಎಂಬ ಪರಿಸರ ಚರಾಂಶವನ್ನೂ ನಿನಗೆ ಯಾರಾದರೂ ತೋರಿಸಬಹುದು. ಅದು ಈಗಿನ ಹುಡುಕಾಟದ ಕ್ರಮ ಬರುವ ಮೊದಲಿನದು, ಇಎಸ್ ಮಾಡ್ಯೂಲ್‌ಗಳ (ಜಾವಾಸ್ಕ್ರಿಪ್ಟ್‌ನ ಈಗಿನ ಪ್ರಮಾಣಿತ ಮಾಡ್ಯೂಲ್ ಪದ್ಧತಿ) ಇಂಪೋರ್ಟ್ ಅದನ್ನು ನೋಡುವುದೇ ಇಲ್ಲ. ಬಿಟ್ಟುಬಿಡು.

ನೋಡ್ ಜೆಎಸ್ ತಾನೇ ಅರ್ಥಮಾಡಿಕೊಳ್ಳುವ ದಾರಿಯೊಂದು 2020ರಿಂದ ಇದೆ. ಪ್ಯಾಕೇಜ್ ಜೇಸನ್ ಫೈಲಿನಲ್ಲಿ ಇಂಪೋರ್ಟ್ಸ್ ಎಂಬ ಭಾಗ ತೆರೆದು, # ಇಂದ ಶುರುವಾಗುವ ಹೆಸರು ಕೊಡು. #ಡಿಬಿ/* ಎಂದರೆ ./ಡಿಸ್ಟ್/ಡಿಬಿ/*.ಜೆಎಸ್ (ಡಿಸ್ಟ್ ಎಂದರೆ ಕಂಪೈಲ್ ಆದ ಫೈಲುಗಳ ಫೋಲ್ಡರ್) ಎಂದು ಒಮ್ಮೆ ಬರೆದರೆ ಸಾಕು, ಹಳೆಯ ಕಾಮನ್ ಜೆಎಸ್ ಪದ್ಧತಿಯ ರಿಕ್ವೈರ್‌ಗೂ ಇಂಪೋರ್ಟ್‌ಗೂ ಅದೇ ನಡೆಯುತ್ತದೆ. ಆ ಹೆಸರುಗಳು ನಿನ್ನ ಪ್ಯಾಕೇಜಿನ ಒಳಗಷ್ಟೇ ಚಲಾವಣೆ. # ಇರುವುದರಿಂದ ಹೊರಗಿನ ಪ್ಯಾಕೇಜುಗಳಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರಿನಿಂದ ಬಂದ ಪ್ಯಾಕೇಜಿನ ಹೆಸರಿನೊಂದಿಗೆ ಎಂದೂ ಕಲಸಿಹೋಗುವುದಿಲ್ಲ. @ ಹಾಕಿ ಬರೆಯುವ ಏಲಿಯಾಸಿನಲ್ಲಿ ಆ ಗೊಂದಲ ನನಗೆ ಸದಾ ಇತ್ತು. ಟೈಪ್‌ಸ್ಕ್ರಿಪ್ಟ್‌ನಲ್ಲಿ ಮಾಡ್ಯೂಲ್ ರೆಸಲ್ಯೂಷನ್ ಅನ್ನು ನೋಡ್‌ನೆಕ್ಸ್ಟ್ ಎಂದಿಟ್ಟರೆ ಅದೂ ಇದನ್ನೇ ಓದುತ್ತದೆ. ರೂಟ್‌ಡಿರ್ (ಮೂಲ ಫೈಲುಗಳ ಫೋಲ್ಡರ್), ಔಟ್‌ಡಿರ್ (ಕಂಪೈಲ್ ಆದವುಗಳ ಫೋಲ್ಡರ್) ಎರಡನ್ನೂ ತಪ್ಪದೆ ಬರೆದಿಡು; ಡಿಸ್ಟ್ ಕಡೆ ತೋರಿಸಿದ ದಾರಿಯಿಂದ ಮೂಲ ಫೈಲನ್ನು ಅದು ಪತ್ತೆಮಾಡುವುದು ಅವುಗಳ ಆಧಾರದಿಂದಲೇ. ಇಂಥ ಹೆಸರು ನಾಲ್ಕೋ ಐದೋ ಇರಲಿ. ಹದಿನೈದಾದರೆ ನನಗೆ ಬರೆ, ಫೋಲ್ಡರ್‌ಗಳನ್ನು ಮತ್ತೆ ನೋಡೋಣ.

ಫೈಲಿನ ಕೊನೆಯ .ಜೆಎಸ್ ಅನ್ನು ಪೂರ್ತಿ ಬರೆಯುವ ಅಭ್ಯಾಸ ಮಾಡಿಕೊ. ಇಎಸ್ ಮಾಡ್ಯೂಲ್‌ಗಳಲ್ಲಿ ./ ದಾರಿಗೆ ಅದು ಬೇಕೇ ಬೇಕು, ಫೋಲ್ಡರ್ ಹೆಸರು ಕೊಟ್ಟರೆ ಒಳಗಿನ ಇಂಡೆಕ್ಸ್ ಫೈಲನ್ನೂ ಅದು ಹುಡುಕುವುದಿಲ್ಲ. ನೋಡ್ ಜೆಎಸ್ ಕಟ್ಟಿದ ರಯಾನ್ ಡಾಲ್ ಅವರೇ 2018ರ ಒಂದು ಭಾಷಣದಲ್ಲಿ, ಆ .ಜೆಎಸ್ ವಿಸ್ತರಣೆ ಬಿಡಲು ಅವಕಾಶ ಕೊಟ್ಟದ್ದನ್ನೂ ಇಂಡೆಕ್ಸ್ ಫೈಲನ್ನೂ ತಮ್ಮ ಪಶ್ಚಾತ್ತಾಪಗಳ ಪಟ್ಟಿಯಲ್ಲಿ ಸೇರಿಸಿದರು.

ಇನ್ನು ದೊಡ್ಡಕ್ಷರ ಸಣ್ಣಕ್ಷರದ ವಿಷಯ. ನಿನ್ನ ಮ್ಯಾಕ್‌ನಲ್ಲಿ ಸಾಮಾನ್ಯವಾಗಿ ಈ ಭೇದ ಇಲ್ಲ, ಸರ್ವರಿನ ಲಿನಕ್ಸ್‌ನಲ್ಲಿ ಇದೆ. ಯೂಸರ್ ಫೈಲನ್ನು ಒಂದು ಕಡೆ ದೊಡ್ಡ ಯು ಹಾಕಿ, ಇನ್ನೊಂದು ಕಡೆ ಸಣ್ಣ ಯು ಹಾಕಿ ಕರೆದರೆ ಲಿನಕ್ಸ್ ಒಂದನ್ನು ಸಿಗಲಿಲ್ಲ ಎನ್ನುತ್ತದೆ. ಮ್ಯಾಕ್‌ನಲ್ಲಿ ಆಗುವುದು ಇದಕ್ಕಿಂತ ಕೆಟ್ಟದ್ದು: ಎರಡೂ ಸಿಗುತ್ತವೆ, ಆದರೆ ನೋಡ್ ಒಮ್ಮೆ ತಂದ ಮಾಡ್ಯೂಲ್‌ಗಳನ್ನು ಇಟ್ಟುಕೊಳ್ಳುವ ಸಂಗ್ರಹದಲ್ಲಿ ಎರಡು ಬೇರೆ ಮಾಡ್ಯೂಲ್‌ಗಳಾಗಿ ಕೂರುತ್ತವೆ. ಡೇಟಾಬೇಸ್ ಸಂಪರ್ಕದ ಫೈಲಿಗೆ ಹೀಗಾದರೆ ಎರಡು ಪೂಲ್ (ಸಂಪರ್ಕಗಳ ಗುಂಪು) ತೆರೆದುಕೊಳ್ಳುತ್ತವೆ. ನಾನೊಮ್ಮೆ ಫೈಲಿನ ಮೊದಲ ಅಕ್ಷರ ಮಾತ್ರ ಬದಲಿಸಿ ಕಳಿಸಿದೆ. ಕೋಡಿನ ಇತಿಹಾಸ ಕಾಯುವ ಗಿಟ್ ಅದನ್ನು ಬದಲಾವಣೆ ಎಂದೇ ಗಣಿಸಲಿಲ್ಲ, ಸರ್ವರಿನಲ್ಲಿ ಹಳೆಯ ಹೆಸರೇ ಉಳಿದಿತ್ತು. ಅರ್ಧ ದಿನ ಹೋಯಿತು. ಹೆಸರು ಬದಲಿಸುವಾಗ ಗಿಟ್‌ನ ಎಂವಿ ಆಜ್ಞೆಯನ್ನೇ ಬಳಸು.

ನಿನ್ನ ಫೈಲಿನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ನೀನು ಕೇಳದೇ ಇದ್ದ ಸಾಲು. ಮೇಲ್‌ನ ನಮೂನೆಯನ್ನು ./ ದಾರಿಯಿಂದ ರೀಡ್‌ಫೈಲ್ ಮೂಲಕ ಓದುತ್ತಿದ್ದೀಯ. ಇಂಪೋರ್ಟ್‌ನ ./ ಆ ಫೈಲು ಇರುವ ಜಾಗದಿಂದ ಶುರುವಾಗುತ್ತದೆ. ರೀಡ್‌ಫೈಲ್‌ನ ./ ಪ್ರಕ್ರಿಯೆಯನ್ನು ಯಾವ ಫೋಲ್ಡರಿನಲ್ಲಿ ನಿಂತು ಆರಂಭಿಸಿದೆಯೋ ಅಲ್ಲಿಂದ. ನೀನು ಪ್ರಾಜೆಕ್ಟಿನ ಬುಡದಲ್ಲಿ ನಿಂತು ಓಡಿಸುವುದರಿಂದ ಇದುವರೆಗೆ ನಡೆದಿದೆ. ಲಿನಕ್ಸ್‌ನಲ್ಲಿ ಸೇವೆಗಳನ್ನು ಆರಂಭಿಸುವ ಸಿಸ್ಟಂಡಿ ಅದನ್ನು ಬೇರೆ ಕಡೆಯಿಂದ ಎಬ್ಬಿಸಿದ ದಿನ ಮೇಲ್ ಹೋಗುವುದಿಲ್ಲ. ನೋಡ್ ಜೆಎಸ್ 20.11ರಿಂದ ಆ ಫೈಲು ಇರುವ ಫೋಲ್ಡರನ್ನು ಹೇಳುವ ಇಂಪೋರ್ಟ್.ಮೆಟಾ.ಡಿರ್‌ನೇಮ್ ಇದೆ; ಕಾಮನ್ ಜೆಎಸ್‌ನಲ್ಲಾದರೆ __ಡಿರ್‌ನೇಮ್. ದಾರಿಯನ್ನು ಅದಕ್ಕೆ ಜೋಡಿಸಿ ಕಟ್ಟು. ಇದನ್ನು ಇವತ್ತೇ ಮಾಡು, ಚುಕ್ಕೆಗಳು ಕಾಯಲಿ.

ಎಲ್ಲವನ್ನೂ ಒಂದೇ ಕಮಿಟ್‌ನಲ್ಲಿ ಬದಲಿಸಲು ಹೋಗಬೇಡ. ಒಂದು ಫೋಲ್ಡರ್ ಸರಿಸು, ಎಡಿಟರೇ ಇಂಪೋರ್ಟ್‌ಗಳನ್ನು ತಿದ್ದಲಿ, ಪರೀಕ್ಷೆಗಳನ್ನು ಓಡಿಸು. ಆಮೇಲೆ ಬಿಲ್ಡ್ ಮಾಡಿದ ಡಿಸ್ಟ್ ಅನ್ನೇ ಒಮ್ಮೆ ಬೇರೆ ಫೋಲ್ಡರಿನಿಂದ ನಡೆಸಿ ನೋಡಿ, ಮುಂದಿನದಕ್ಕೆ ಹೋಗು. ಸರಿಸುವ ಮುನ್ನ ಈಗಿರುವ ಫೋಲ್ಡರ್‌ಗಳ ಪಟ್ಟಿಯನ್ನು ನನಗೆ ಕಳಿಸು. ಪಾವತಿಯ ಆ ಸಹಾಯಕ ಫಂಕ್ಷನ್ ಎಲ್ಲಿರಬೇಕು ಎಂದು ಇಬ್ಬರೂ ಕೂತು ನೋಡೋಣ.

ಪ್ರೀತಿಯಿಂದ,
ನಿನ್ನ ಚಿಕ್ಕಪ್ಪ