ಕಾಲಿಗಿಂತ ಮೊದಲು ಕುಂಡಗಳನ್ನು ವಿಚಾರಿಸಿದವರಿಗೆ

ಇಂದು ಬೆಳಿಗ್ಗೆ ಮಹಡಿಯ 22 ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಆರು ತಿಂಗಳ ಹಿಂದೆ ನೀರಿನ ಬಕೆಟ್ ಹಿಡಿದು ಇಳಿಯುತ್ತಿದ್ದಾಗ ಇದೇ ಮೆಟ್ಟಿಲುಗಳ ಮೇಲೆ ಜಾರಿ ಬಿದ್ದಿದ್ದೆ. ಬಲಗಾಲಿನ ಹರಡಿನ ಎರಡೂ ಬದಿಯ ಮೂಳೆ ಮುರಿದಿತ್ತು. ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ಆರು ವಾರ ಆ ಪಾದ ನೆಲಕ್ಕೆ ತಾಗಲೇಬಾರದು ಎಂದರು. ತಾಗಿಸಲಿಲ್ಲ. ಪ್ಲಾಸ್ಟರ್ ಬಿಚ್ಚಿದ ದಿನ ನನ್ನ ಮೀನಖಂಡ ನನ್ನದೇ ಎಂದು ಗುರುತು ಹಿಡಿಯಲಾಗದಷ್ಟು ಸೊರಗಿತ್ತು.

ಮಲಗಿದ್ದಾಗಲೇ ನಿಶ್ಚಯಿಸಿದ್ದೆ, ಎಲ್ಲರಿಗೂ ಕೃತಜ್ಞತೆ ಹೇಳಿ ಒಂದು ಬರಹ ಬರೆಯಬೇಕು, ಅದನ್ನು ಮಹಡಿ ಹತ್ತಿದ ದಿನವೇ ಬರೆಯಬೇಕು ಎಂದು.

ನೋಡಲು ಬಂದವರೆಲ್ಲ ಕಾಲು ಹೇಗಿದೆ ಎಂದು ಕೇಳಿದರು. ಆ ಪ್ರೀತಿಗೆ ನಾನು ಋಣಿ. ಆದರೆ ನನ್ನ ಮನಸ್ಸು ಕಾಲಿನ ಹತ್ತಿರ ಇರಲೇ ಇಲ್ಲ. ಅದನ್ನು ನೋಡಿಕೊಳ್ಳಲು ವೈದ್ಯರಿದ್ದರು. ಮಹಡಿಯಲ್ಲಿ 41 ಕುಂಡಗಳಿದ್ದವು. ಮಂಚದ ಕೆಳಗೆ ನಮ್ಮ ನಾಯಿ, ಒಂಬತ್ತು ವರ್ಷದ ಚುಕ್ಕಿ ಮಲಗಿದ್ದಳು. ದಿನವೂ ಅವಳ ಮೈ ಬಾಚುತ್ತಿದ್ದವಳು ನಾನು, ಎಲೆಗಳ ಅಡಿ ಮಗುಚಿ ನೋಡುತ್ತಿದ್ದವಳೂ ನಾನೇ. "ನಿಮ್ಮ ಗಿಡಗಳಿಗೆ ಈಗ ಯಾರು ನೀರು ಹಾಕುತ್ತಿದ್ದಾರೆ?" ಎಂದು ಕೇಳಿದವರು ನಾಲ್ಕೈದು ಜನ ಮಾತ್ರ. ಕೇಳಿ ಸುಮ್ಮನಾಗದೆ ಆ ಕೆಲಸಕ್ಕೆ ಕೈ ಹಾಕಿದವರೂ ಅವರೇ. ಇದು ಅವರಿಗಾಗಿ.

ಮೊದಲು ಪಕ್ಕದ ಮನೆಯ ಹುಡುಗ. ಒಂಬತ್ತನೇ ತರಗತಿ. "ಆಂಟಿ, ನಾನು ಹಾಕುತ್ತೇನೆ" ಎಂದು ಬಂದು ನಿಂತಾಗ ನಾಲ್ಕು ದಿನದ ಉತ್ಸಾಹ ಎಂದುಕೊಂಡಿದ್ದೆ. ಮಲಗಿದಲ್ಲಿಂದಲೇ ಒಂದು ಪಾಠ ಹೇಳಿದೆ. ಮೇಲ್ಮಣ್ಣನ್ನು ನಂಬಬೇಡ, ಬಿಸಿಲಿಗೆ ಅದು ಬೇಗ ಬೆಳ್ಳಗಾಗುತ್ತದೆ, ಒಳಗೆ ಒದ್ದೆಯಿರುತ್ತದೆ. ತೋರುಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಳಿಸು. ಬೆರಳಿಗೆ ಮಣ್ಣು ಅಂಟಿಕೊಂಡು ಬಂದರೆ ಆ ದಿನ ನೀರು ಬೇಡ. ಅವನು ತಲೆಯಾಡಿಸಿ ಹೋದ. ಮರುದಿನ ಪ್ರತಿ ಕುಂಡದ ಅಂಚಿಗೂ ಬಿಳಿ ಬಣ್ಣದಲ್ಲಿ ಸಂಖ್ಯೆ ಬರೆದ. ಒಂದು ಹಳೆಯ ನೋಟ್‌ಬುಕ್ ತಂದು ಗೆರೆ ಎಳೆದು, ದಿನಾಂಕ, ಕುಂಡದ ಸಂಖ್ಯೆ, ಅದರ ಮುಂದೆ "ಒಣ", "ಅರೆ", "ತೇವ" ಎಂದು ದಾಖಲಿಸತೊಡಗಿದ. ಆ ಪುಸ್ತಕ ಮಹಡಿಯಲ್ಲೇ, ಬೀಜದ ಡಬ್ಬಿಯ ಕೆಳಗೆ ಇರುತ್ತಿತ್ತು. ಇಂದೇ ಮೊದಲ ಬಾರಿ ಅದನ್ನು ಪೂರ್ತಿ ಓದಿದೆ. ಪುಟದ ಬಲ ಅಂಚಿನಲ್ಲಿ, ತಿರುವುವ ಜಾಗದಲ್ಲಿ, ಪ್ರತಿ ಹಾಳೆಯ ಮೇಲೂ ಮಣ್ಣಿನ ಬೆರಳಚ್ಚು ಇದೆ. ಮೊದಲ ಪುಟಗಳಲ್ಲಿ ಅಕ್ಷರ ದುಂಡಗಿದೆ. ಪರೀಕ್ಷೆಯ ದಿನಗಳಲ್ಲಿ ಓರೆಯಾಗಿದೆ. ಆದರೆ ಪರೀಕ್ಷೆಯ ದಿನಗಳಲ್ಲೂ ಬರೆದಿದ್ದಾನೆ.

ದಾಸವಾಳದ ಚಿಗುರಿನ ಸಂದಿಯಲ್ಲಿ ಹತ್ತಿಯಂಥದ್ದು ಕಾಣಿಸಿದೆ, ಪಕ್ಕದಲ್ಲಿ ಇರುವೆಗಳ ಸಾಲಿದೆ ಎಂದು ಒಂದು ಸಂಜೆ ಓಡಿ ಬಂದು ಹೇಳಿದವನೂ ಅವನೇ. ಅದು ಹಿಟ್ಟು ತಿಗಣೆ. ತಿಗಣೆ ರಸ ಹೀರಿ ಸಿಹಿಯಾದ ಅಂಟು ಬಿಡುತ್ತದೆ, ಆ ಅಂಟಿನ ಆಸೆಗೆ ಇರುವೆಗಳು ಅದನ್ನು ಕಾಯುತ್ತವೆ. ಹಾಗಾಗಿ ಇರುವೆಯ ದಾರಿ ತಪ್ಪಿಸದೆ ತಿಗಣೆ ಹೋಗುವುದಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸೋಪಿನ ನೀರು, ಮೂರು ದಿನಕ್ಕೊಮ್ಮೆ. ಒಂದು ತಿಂಗಳು ಬಿಡದೆ ಮಾಡಿದ. ಆ ದಾಸವಾಳದಲ್ಲಿ ಇಂದು ಏಳು ಹೂ ಎಣಿಸಿದೆ.

ಎರಡನೆಯದು ನಮ್ಮವರು.

ಚುಕ್ಕಿಯ ಮೈಯನ್ನು ಸಂಜೆ ಬಾಚುತ್ತಿದ್ದಾಗಲೇ ಉಣ್ಣೆಗಳು ನನ್ನ ಕೈಗೆ ಸಿಕ್ಕಿಬಿಡುತ್ತಿದ್ದವು. ನಾನು ಮಲಗಿದ ಮೇಲೆ ಮೂರು ವಾರ ಬಾಚಣಿಗೆ ಗೂಟದಲ್ಲೇ ನೇತಾಡಿತು. ನನ್ನ ಪ್ಲಾಸ್ಟರಿಗೆ ಮುಖ ಒತ್ತಿ ಮಲಗಿದ್ದ ಅವಳು ಊಟ ಬಿಟ್ಟಾಗ ನಾನು ಬಿದ್ದ ಬೇಸರಕ್ಕೆ ಹಾಗೆ ಮಾಡುತ್ತಿದ್ದಾಳೆ ಎಂದು ಎಲ್ಲರೂ ಅಂದೆವು. ನಮ್ಮವರು ಮಾತ್ರ ಅವಳ ತುಟಿ ಎತ್ತಿ ನೋಡಿದರು. ಗುಲಾಬಿ ಬಣ್ಣವಿರಬೇಕಾದ ವಸಡು ಬಿಳಿಚಿಕೊಂಡಿತ್ತು. ಆರೋಗ್ಯವಂತ ನಾಯಿಯ ಮೈ ಬಿಸಿ ನಮಗಿಂತ ಹೆಚ್ಚು, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅವಳದು 104 ಇತ್ತು. ಉಣ್ಣೆ ಕಚ್ಚಿ ಬರುವ ಜ್ವರ. ಆ ರೋಗಾಣು ಬಿಳಿ ರಕ್ತಕಣಗಳೊಳಗೆ ಮನೆ ಮಾಡುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಇನ್ನೂ ತಡ ಮಾಡಿದ್ದರೆ ಮೂಗಿನಿಂದ ರಕ್ತ ಬರಲು ಶುರುವಾಗಬಹುದಿತ್ತು ಎಂದು ಪಶುವೈದ್ಯರು ಹೇಳಿದರು. ರಾತ್ರಿ ಹತ್ತಕ್ಕೆ ಕರೆ ಮಾಡಿದರೂ ಫೋನ್ ಎತ್ತಿದ ಆ ವೈದ್ಯರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ಡಾಕ್ಸಿಸೈಕ್ಲಿನ್ ಮಾತ್ರೆ, 28 ದಿನ. ಹತ್ತನೆಯ ದಿನಕ್ಕೇ ನಾಯಿ ಬಾಲ ಆಡಿಸತೊಡಗುತ್ತದೆ, ಆಗ ಮಾತ್ರೆ ನಿಲ್ಲಿಸಿಬಿಟ್ಟರೆ ರೋಗ ಮರಳುತ್ತದೆ. ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಅನ್ನನಾಳ ಹುಣ್ಣಾಗುತ್ತದೆ, ಹಾಗಾಗಿ ನುಂಗಿಸಿದ ಮೇಲೆ ನೀರು ಕುಡಿಸಲೇಬೇಕು. ನಮ್ಮವರು ಗೋಡೆಯ ಕ್ಯಾಲೆಂಡರಿನಲ್ಲಿ 28 ಗೀಟು ಹಾಕಿದರು. ನೆಲಕ್ಕೆ ಕೂತರೆ ಏಳಲು ಕಷ್ಟಪಡುವ ಮನುಷ್ಯ ಅವರು. ಪ್ರತಿ ರಾತ್ರಿ ಚಾಪೆ ಹಾಸಿ ಕೂತು, ಸಣ್ಣ ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಚುಕ್ಕಿಯ ಕಿವಿಯನ್ನು ಒಳಮೈ ಕಾಣುವಂತೆ ಮಗುಚಿ, ಚಿಮಟಿಗೆಯಿಂದ ಒಂದೊಂದೇ ಉಣ್ಣೆಯನ್ನು ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆದು ಸ್ಪಿರಿಟ್ಟಿನ ಬಾಟಲಿಗೆ ಹಾಕುತ್ತಿದ್ದರು. ತಿರುಚಿದರೆ ಅದರ ಬಾಯಿ ಚರ್ಮದಲ್ಲೇ ಮುರಿದುಳಿಯುತ್ತದೆ. ಬೆರಳುಗಳ ಸಂದು, ಬಾಲದ ಬುಡ, ಕೊರಳಪಟ್ಟಿಯ ಅಡಿ. ನಾನು ಮಂಚದ ಮೇಲಿಂದ ನೋಡುತ್ತಿದ್ದೆ. 26 ವರ್ಷದ ಸಂಸಾರದಲ್ಲಿ ಅವರು ಅಷ್ಟು ಹೊತ್ತು ಮಾತಿಲ್ಲದೆ, ಅಷ್ಟು ತಾಳ್ಮೆಯಿಂದ ಕೂತದ್ದನ್ನು ನಾನು ನೋಡಿರಲಿಲ್ಲ. ನಿಮಗೆ ಎದುರಿಗೆ ಹೇಳಿದರೆ "ಅದರಲ್ಲೇನಿದೆ" ಎಂದು ಎದ್ದು ಹೋಗುತ್ತೀರಿ. ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ಅದೇ ಹೊತ್ತಿಗೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ಕೂತಿರುತ್ತಿದ್ದರು, ಮಡಿಲಲ್ಲಿ ಉಣ್ಣೆಯ ಉಂಡೆ. ಮಗನ ಕೈಯಲ್ಲೊಂದು ಉಣ್ಣೆ, ತಾಯಿಯ ಕೈಯಲ್ಲೊಂದು. ಕನ್ನಡ ಎರಡಕ್ಕೂ ಒಂದೇ ಹೆಸರಿಟ್ಟಿರುವುದು ಆ ಕೋಣೆಯಲ್ಲಿ ಮಲಗಿದ್ದಾಗಲೇ ನನಗೆ ಹೊಳೆದದ್ದು.

ಅತ್ತೆಗೆ 78. ಕಣ್ಣಿಗೆ ಪೊರೆ ಬಂದಿದೆ. ಕುಣಿಕೆಗಳನ್ನು ಹೆಬ್ಬೆರಳಿನಲ್ಲಿ ತಡವಿ ಎಣಿಸುತ್ತಾರೆ. ಪ್ಲಾಸ್ಟರಿನಿಂದ ಹೊರಗಿದ್ದ ನನ್ನ ಐದು ಬೆರಳುಗಳು ರಾತ್ರಿ ತಣ್ಣಗಾಗುತ್ತವೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹೊದಿಕೆ ಸರಿಮಾಡುವಾಗ ಅವರ ಕೈಗೆ ತಾಗಿರಬೇಕು. ಮೂರನೆಯ ದಿನ ಬೆರಳಿಗೆ ಒಂದು ಪುಟ್ಟ ಟೋಪಿ ಹೆಣೆದು ತೊಡಿಸಿದರು. ಕೆಂಪು ಬಣ್ಣದ್ದು. ಅದನ್ನು ನಾನು ಎಂದಿಗೂ ಎಸೆಯುವುದಿಲ್ಲ.

ನನಗೆ ಹೆಣಿಗೆ ಕಲಿಸಿದ್ದೂ ಅವರೇ. ಮದುವೆಯಾದ ಹೊಸದರಲ್ಲಿ ಕಲಿಸಲು ಬಂದಾಗ ನನಗೆ ಪುರುಸೊತ್ತಿಲ್ಲ ಎಂದಿದ್ದೆ. ಅದನ್ನು ಅವರು ಒಮ್ಮೆಯೂ ಎತ್ತಿ ಆಡಲಿಲ್ಲ. ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಕೆಳಗಿನ ಸಾಲುಗಳಿಗೂ ಇಳಿಯುತ್ತಾ ಹೋಗುತ್ತದೆ, ನಡುವೆ ಏಣಿಯ ಹಾಗೆ ಅಡ್ಡ ಎಳೆಗಳು ಉಳಿಯುತ್ತವೆ. ನಾನು ಎಲ್ಲವನ್ನೂ ಬಿಚ್ಚಲು ಹೊರಟಾಗ ಅವರು ಕ್ರೋಶಾ ಕಡ್ಡಿ ತೆಗೆದುಕೊಂಡು ಅತ್ಯಂತ ಕೆಳಗಿನ ಕುಣಿಕೆಗೆ ಸಿಕ್ಕಿಸಿ, ಆ ಏಣಿಯ ಒಂದೊಂದು ಮೆಟ್ಟಿಲನ್ನು ಅದರೊಳಗಿಂದ ಎಳೆಯುತ್ತಾ ಮೇಲಕ್ಕೆ ಬಂದರು. ಹನ್ನೊಂದು ಸಾಲು. ಕೊನೆಗೆ ಎಲ್ಲಿ ಜಾರಿತ್ತು ಎಂದು ತೋರಿಸಲು ನನ್ನಿಂದ ಆಗಲಿಲ್ಲ. ಅತ್ತೆ, ಆ ಮಧ್ಯಾಹ್ನಗಳಿಗೆ ನಾನು ಯಾವ ಮಾತು ಹೇಳಿದರೂ ಕಡಿಮೆಯೇ.

ಮಗಳು ರಜೆ ಹಾಕಿ ಬಂದು 15 ದಿನ ಮಾಡಿದ್ದನ್ನು ಬರೆಯಲು ಕೂತರೆ ನನಗೆ ಕೈ ನಡೆಯುವುದಿಲ್ಲ. ಅವಳಿಗೆ ಗೊತ್ತಿದೆ.

ಫಿಸಿಯೋಥೆರಪಿಯ ಹುಡುಗಿಯನ್ನೂ ನೆನೆಯಬೇಕು. ಹರಡು ಸಡಿಲಾಗಲು ಹೆಬ್ಬೆರಳಿನಿಂದ ಗಾಳಿಯಲ್ಲಿ ಎ, ಬಿ, ಸಿ, ಡಿ ಬರೆಯಿರಿ ಎಂದಿದ್ದಳು. ನಾನು ಅ, ಆ, ಇ, ಈ ಬರೆಯಲೇ ಎಂದು ಕೇಳಿದೆ. ಅದು ಇನ್ನೂ ಒಳ್ಳೆಯದು, ಎಲ್ಲವೂ ಸುತ್ತು ಅಕ್ಷರಗಳು ಎಂದು ಚಪ್ಪಾಳೆ ತಟ್ಟಿದಳು. 49 ಅಕ್ಷರ, ದಿನಕ್ಕೆ ಮೂರು ಸಲ. ಋ ಬರೆಯುವಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಚುಕ್ಕಿ ಆಡುವ ಹೆಬ್ಬೆರಳನ್ನೇ ನೋಡುತ್ತಾ ತಲೆ ಅತ್ತಿತ್ತ ಓಲಿಸುತ್ತಿದ್ದಳು. ಒಂದು ದಿನ ಳ ಮುಗಿಸಿ ನೋಡಿದರೆ ನೋವಿರಲಿಲ್ಲ.

ಇನ್ನು 32ನೆಯ ಕುಂಡದ ವಿಷಯ. ಇದನ್ನು ಬರೆಯದಿದ್ದರೆ ಈ ಕೃತಜ್ಞತೆ ಸುಳ್ಳಾಗುತ್ತದೆ.

ಆ ಕುಂಡದಲ್ಲಿ ಇದ್ದದ್ದು ಅಮ್ಮನ ಮಲ್ಲಿಗೆ. ಅಮ್ಮ ಈಗಿಲ್ಲ. ತನ್ನ ಬಳ್ಳಿಯ ಒಂದು ರೆಂಬೆಯನ್ನು ಮಣ್ಣಿಗೆ ಬಗ್ಗಿಸಿ, ಮೇಲೊಂದು ಕಲ್ಲಿಟ್ಟು, ಬೇರು ಬಿಟ್ಟ ಮೇಲೆ ಕತ್ತರಿಸಿ ಕೊಟ್ಟಿದ್ದಳು. ನಾನು ಮಲಗಿದ್ದ ಎರಡನೆಯ ತಿಂಗಳಲ್ಲಿ ಅದು ಒಣಗಿತು. ಹುಡುಗ ಎರಡು ದಿನ ನಮ್ಮ ಮನೆಗೆ ಬರಲಿಲ್ಲ. ತಾನೇ ಕೊಂದೆ ಎಂದು ಅತ್ತನಂತೆ. ನಾನು ಇರಲಿ ಬಿಡು ಎಂದೆ. ಇರಲಿ ಬಿಡು ಎಂದರೆ ತಪ್ಪು ಅವನದೇ ಎಂದು ಒಪ್ಪಿದ ಹಾಗೆಯೇ ಆಯಿತು ಎಂದು ಆಗ ಹೊಳೆಯಲಿಲ್ಲ.

ಇಂದು ಆ ಪುಸ್ತಕ ಓದಿದೆ. 32ರ ಮುಂದೆ ಒಂಬತ್ತು ದಿನ ಸಾಲಾಗಿ "ತೇವ" ಎಂದಿದೆ. ಹತ್ತನೆಯ ದಿನ "ತೇವ, ಆದರೆ ಆಂಟಿ ಹಾಕು ಅಂದರು" ಎಂದಿದೆ. ಆ ದಿನ ನನಗೆ ನೆನಪಿದೆ. ಮೊಬೈಲಿನಲ್ಲಿ ಗಿಡ ತೋರಿಸಿದ್ದ. ಎಲೆ ಜೋತಿತ್ತು. ಬೇರು ಕೊಳೆತರೆ ಮಣ್ಣಿನಲ್ಲಿ ಎಷ್ಟೇ ನೀರಿದ್ದರೂ ಗಿಡಕ್ಕೆ ಹೀರಲಾಗುವುದಿಲ್ಲ, ಬಾಯಾರಿದ ಗಿಡದ ಹಾಗೆಯೇ ಎಲೆ ಬಾಡುತ್ತದೆ. ಬೇರೆಯವರಿಗೆ ಎಷ್ಟೋ ಸಲ ಹೇಳಿದ ಮಾತು ಇದು. ಅಮ್ಮನ ಗಿಡ ಎಂಬ ಆತಂಕದಲ್ಲಿ ನಾನೇ ಮರೆತೆ. ಇನ್ನೆರಡು ಚೊಂಬು ಹಾಕು ಎಂದೆ. ಅವನ ಬೆರಳು ಸರಿಯಾಗಿ ಹೇಳಿತ್ತು, ನಾನು ಕೇಳಲಿಲ್ಲ.

ಕುಂಡವನ್ನು ಮಗುಚಿ ನೋಡಿದೆ. ತಳದ ರಂಧ್ರ ಗಟ್ಟಿಮಣ್ಣಿನಿಂದ ಮುಚ್ಚಿಹೋಗಿದೆ. ನಾನು ಬೀಳುವ ಮೊದಲೇ ಮುಚ್ಚಿರಬೇಕು. ಬೇರು ಕಪ್ಪಾಗಿದೆ. ಎಳೆದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತದೆ. ಪುಟ್ಟಾ, ತಪ್ಪು ನಿನ್ನದಲ್ಲ. ನನ್ನದು. ಇಷ್ಟು ತಿಂಗಳು ಆ ಭಾರವನ್ನು ನಿನ್ನ ಮೇಲೆ ಬಿಟ್ಟದ್ದಕ್ಕೆ ಕ್ಷಮಿಸು.

ಕೆಳಗಿನ ಮನೆಯ ಅಕ್ಕ, ನಿಮಗೆ ಕೊನೆಯಲ್ಲಿ ಹೇಳುತ್ತಿದ್ದೇನೆ, ಏಕೆಂದರೆ ನಿಮ್ಮ ಉಪಕಾರ ಈಗ ನನ್ನ ಕಣ್ಣೆದುರೇ ಇದೆ. ನಾಲ್ಕು ವರ್ಷದ ಹಿಂದೆ ಇದೇ ಮಲ್ಲಿಗೆಯ ಒಂದು ರೆಂಬೆಯನ್ನು ಬೇರು ಬರಿಸಿ ನಿಮಗೆ ಕೊಟ್ಟಿದ್ದೆ. ಇಲ್ಲಿ ಅದು ಒಣಗಿದ ಸುದ್ದಿ ಕೇಳಿ, ನನಗೆ ಒಂದು ಮಾತೂ ಹೇಳದೆ, ನಿಮ್ಮ ಬಳ್ಳಿಯ ರೆಂಬೆಯನ್ನು ಬಗ್ಗಿಸಿ ಕಲ್ಲಿಟ್ಟಿರಿ. ನಾನು ಊರುಗೋಲು ಬಿಟ್ಟ ವಾರ ಕುಂಡ ತಂದು ಬಾಗಿಲಲ್ಲಿ ಇಟ್ಟಿರಿ. ಬೀಜದಿಂದ ಹುಟ್ಟಿದ್ದಾದರೆ ಬೇರೆ ಗಿಡ ಎನ್ನಬಹುದು. ರೆಂಬೆಯಿಂದ ಬಂದದ್ದು ಅದೇ ಗಿಡ. ಅಮ್ಮ ಕಲ್ಲಿಟ್ಟ ಬಳ್ಳಿಯೇ ಅದು, ನನ್ನ ಕೈಯಿಂದ ನಿಮ್ಮ ಕೈಗೆ ಹೋಗಿ ತಿರುಗಿ ಬಂದಿದೆ.

ಅದನ್ನು ಇಂದು ಮಹಡಿಗೆ ಹೊತ್ತು ತಂದವರು ನಮ್ಮವರು, ಹಿಂದೆ ಚುಕ್ಕಿ, ಅವಳ ಹಿಂದೆ ನಾನು. ಹಳೆಯ ಕುಂಡವನ್ನು ಉಜ್ಜಿ ತೊಳೆದು, ರಂಧ್ರ ಬಿಡಿಸಿ, ಬಿಸಿಲಿಗೆ ಒಣಗಲು ಇಟ್ಟಿದ್ದೇನೆ. ಬಿಳಿ ಬಣ್ಣದ 32 ಹಾಗೆಯೇ ಇದೆ, ಅಳಿಸಿಲ್ಲ. ಪುಟ್ಟಾ, ನಾಳೆ ಶಾಲೆಗೆ ಹೋಗುವ ಮೊದಲು ಮಹಡಿಗೆ ಬಾ, ಇಬ್ಬರೂ ಸೇರಿ ನೆಡೋಣ. ನಿನ್ನ ಪುಸ್ತಕದಲ್ಲಿ ಆ ಸಂಖ್ಯೆಯ ಮುಂದಿನ ಸಾಲುಗಳು ಖಾಲಿ ಇವೆ. ಬೆರಳಿಟ್ಟು ನೋಡಿ ನೀನೇ ಬರೆ. ನೀನು ತೇವ ಎಂದ ದಿನ ನಾನು ನೀರು ಮುಟ್ಟುವುದಿಲ್ಲ.